ಮ್ಯಾಪಿನ ಜೊತೆ ಅಕ್ಕನ ಜಗಳ

ನಮ್ಮ ಭಾವನನ್ನು ಹೊತ್ತ ಸ್ಟ್ರೆಚರ್ ಕೆರೆ ಏರಿಯಿಂದ ಗದ್ದೆಗಿಳಿದಾಗ ಅದರ ಒಂದು ಮೂಲೆ ಹಿಡಿದಿದ್ದವನು ಯಾರು ಗೊತ್ತಾ? ಆಂಬುಲೆನ್ಸಿಗೆ ಅಡ್ಡ ನಿಂತಿದ್ದ ಲಾರಿಯ ಡ್ರೈವರ್!

ಅವತ್ತು ಭಾನುವಾರ. ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿನ ಆಸೆಗೆ ನಾನು ಹಿಂದಿನ ದಿನವೇ ಹಾಸನದಿಂದ ಅಕ್ಕನ ಊರಿಗೆ ಹೋಗಿದ್ದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಣ್ಣ ಊರು. (ಹೆಸರು ಹಾಕೋದಿಲ್ಲ. ಹಾಕಿದರೆ ನಿಮ್ಮಲ್ಲಿ ಅರ್ಧ ಜನ ಈಗಲೇ ಫೋನ್ ತೆಗೆದು ಹುಡುಕುತ್ತೀರಿ. ಅಲ್ಲಿಗೆ ಅಕ್ಕನ ಕಷ್ಟವೆಲ್ಲ ದಂಡ.) ಹಿರೀಸಾವೆ ದಾಟಿದ ಮೇಲೆ ಹೈವೇಯಿಂದ ಎಡಕ್ಕೆ ತಿರುಗಿದರೆ ಊರು ಸಿಗುತ್ತದೆ. ಊರು ದಾಟಿದರೆ ಕೆರೆ ಏರಿ. ಏರಿ ಇಳಿದರೆ ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆ. ಏರಿ ಮೇಲೆ ಟ್ರ್ಯಾಕ್ಟರ್ ಬಂದರೆ ಎದುರಿಗಿರುವ ಬೈಕಿನವನು ಅಂಚಿಗೆ ಸರಿದು ಕಾಲೂರಿ ನಿಲ್ಲಬೇಕು. ಅಷ್ಟೇ ಅದರ ಅಗಲ.

ಭಾವ ಡೈರಿಗೆ ಹಾಲು ಹಾಕಿ ಬಂದು ಜಗುಲಿ ಮೇಲೆ ಕೂತರು. ನಾನು ಕಾಫಿ ಲೋಟ ಕೈಗೆ ಕೊಟ್ಟರೆ ಹಿಡಿದುಕೊಳ್ಳಲಿಲ್ಲ.

"ಯಾಕೋ ಎದೆ ಇಡ್ಕೊಂಡಂಗಾಯ್ತದೆ ಕಣವ್ವಾ" ಅಂದರು.

ಬಾಯಿಂದ ಹಬೆ ಬರುವಂಥ ಚಳಿ. ಭಾವನ ಬನಿಯನ್ ಮಾತ್ರ ಬೆವರಲ್ಲಿ ತೊಯ್ದು ಮೈಗೆ ಅಂಟಿತ್ತು. ಅಕ್ಕ ಒಂದು ಕ್ಷಣ ಅವರ ಮುಖ ನೋಡಿದಳು, ಫೋನ್ ತೆಗೆದು ಆಂಬುಲೆನ್ಸಿಗೆ ಮಾಡಿದಳು. ಚನ್ನರಾಯಪಟ್ಟಣದಿಂದ ಅದು ಹಾರಿಕೊಂಡೇ ಬಂತು ಅನ್ನಬೇಕು. ಸೈರನ್ ಕೇಳಿಸಿತು. ಹತ್ತಿರವಾಯಿತು. ಆಮೇಲೆ ಹತ್ತಿರವೂ ಆಗದೆ, ದೂರವೂ ಆಗದೆ ಒಂದೇ ಕಡೆ ಕೂಗುತ್ತಾ ನಿಂತುಬಿಟ್ಟಿತು.

ನಾನು ಓಡಿ ಹೋಗಿ ನೋಡಿದೆ. ಏರಿಯ ತಿರುವಿನಲ್ಲಿ ಟೈಲ್ಸ್ ತುಂಬಿದ ಉದ್ದನೆಯ ಲಾರಿ. ಹಿಂದಿನ ಚಕ್ರ ಏರಿಯ ಮಣ್ಣು ಕುಸಿದು ಹೂತಿದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅದರ ಆ ಕಡೆ, ಹೊಳೆನರಸೀಪುರದ ರಸ್ತೆಯಿಂದ ಏರಿ ಹತ್ತಿ ಬಂದ ಆಂಬುಲೆನ್ಸು. ಈ ಕಡೆ ನಾವು.

ಡ್ರೈವರ್ ತಮಿಳಿನವನು. ಹೆಸರು ಸೆಲ್ವಂ ಅಂತ ಆಮೇಲೆ ಗೊತ್ತಾಯಿತು. ಅರಕಲಗೂಡಿನ ಅಂಗಡಿಯೊಂದಕ್ಕೆ ಲೋಡು ತಂದಿದ್ದ. ಊರಿನವರು ಮುತ್ತಿಕೊಂಡು ಬೈಯುತ್ತಿದ್ದರೆ ಫೋನನ್ನೇ ಮುಂದೆ ಹಿಡಿದು "ಮ್ಯಾಪ್ ಸೊಲ್ಲುಚ್ಚಿ ಸಾರ್, ಮ್ಯಾಪ್ ಸೊಲ್ಲುಚ್ಚಿ" ಅನ್ನುತ್ತಿದ್ದ. ಮ್ಯಾಪ್ ಹೇಳಿತು ಸಾರ್! ಪಾಪ, ಅವನೇನು ಸುಳ್ಳು ಹೇಳಲಿಲ್ಲ. ನೀಲಿ ಗೆರೆ ಸರಿಯಾಗಿ ಏರಿಯ ಮೇಲೇ ಹಾದು ಹೋಗಿತ್ತು.

"ಬೈಯೋದ್ ಆಮ್ಯಾಕೆ. ಮೊದ್ಲು ಎತ್ರಿ!" ಅಂತ ಅಕ್ಕ ಕೂಗಿದಳು.

ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಗದ್ದೆಗಿಳಿದು, ಲಾರಿ ಬಳಸಿ ಈ ಕಡೆ ಬಂದರು. ನಮ್ಮ ಭಾವ ತೂಕದ ಆಳು. ನಾಲ್ಕು ಮೂಲೆಗೆ ನಾಲ್ಕು ಜನ. ಮೂರು ಜನ ಊರಿನವರು, ಒಬ್ಬ ಸೆಲ್ವಂ. ಯಾರೂ ಕರೆಯಲಿಲ್ಲ, ಅವನೇ ಬಂದು ಹಿಡಿದ. ಕೆಸರಲ್ಲಿ ಮೊಣಕಾಲವರೆಗೆ ಹೂತು, ಮತ್ತೆ ಏರಿ ಹತ್ತಿ, ಆಂಬುಲೆನ್ಸಿನ ಬಾಗಿಲವರೆಗೂ ಬಂದ. ಬಾಗಿಲು ಹಾಕುವಾಗ ನೋಡಿದೆ, ಅಳುತ್ತಿದ್ದ.

ಸಂಜೆಯ ಹೊತ್ತಿಗೆ ಹಾಸನದ ಆಸ್ಪತ್ರೆಯಲ್ಲಿ ಭಾವನ ಎದೆಗೆ ಸ್ಟೆಂಟ್ ಕೂತಿತ್ತು. ಡಾಕ್ಟರ್ ಹೊರಗೆ ಬಂದು, "ಸದ್ಯ ಬಂದ್ರಲ್ಲ ಬಿಡಿ. ಇನ್ನೂ ತಡ ಆಗಿದ್ರೆ ನಮ್ಮ ಕೈಲೂ ಇರ್ತಿರಲಿಲ್ಲ" ಅಂದರು. ನಾನು ಅತ್ತೆ. ಅಕ್ಕ ಅಳಲಿಲ್ಲ. ಕಾರಿಡಾರಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದವಳು ನನ್ನ ಕಡೆ ತಿರುಗಿ ಕೇಳಿದಳು.

"ಲೇ, ಆ ಮ್ಯಾಪಲ್ಲಿ ದಾರಿ ತೋರ್ಸೋನು ಯಾರೇ?"

ನಾನು ಹಾಸನದಲ್ಲಿ ಗಣಿತ ಪಾಠ ಮಾಡುವವಳು. ಅದೇ ಕಾರಿಡಾರಲ್ಲಿ ಪಾಠ ಶುರುಮಾಡಿದೆ. ಯಾರೂ ಕೂತು ತೋರಿಸೋದಲ್ಲ ಅಕ್ಕ, ಅದೊಂದು ಲೆಕ್ಕ. ಊರೆಲ್ಲ ಚುಕ್ಕಿ, ರಸ್ತೆಯೆಲ್ಲ ಗೆರೆ. ಪ್ರತಿ ಗೆರೆಗೂ ಇಷ್ಟು ಹೊತ್ತು ಬೇಕು ಅಂತ ಒಂದು ನಂಬರು. ಯಂತ್ರ ಬೇರೆ ಬೇರೆ ದಾರಿಯ ನಂಬರುಗಳನ್ನು ಕೂಡಿಸಿ, ಯಾವುದು ಕಮ್ಮಿ ಬಂತೋ ಅದನ್ನ ತೋರಿಸುತ್ತೆ. ನಿಮ್ಮೂರ ಮೇಲೆ ಹೋದರೆ ಚನ್ನರಾಯಪಟ್ಟಣದ ಟ್ರಾಫಿಕ್ ತಪ್ಪುತ್ತೆ, ನಾಲ್ಕು ನಿಮಿಷ ಉಳಿಯುತ್ತೆ.

"ಆ ಲೆಕ್ಕದಾಗೆ ನಮ್ ಏರಿ ಅಗಲ ಎಲ್ಲೈತೆ?"

"ಬಹುಶಃ ಇಲ್ಲ ಅಕ್ಕ."

"ಅಲ್ಲಿ ಆಂಬುಲೆನ್ಸು ಬತ್ತದೆ ಅನ್ನೋದು?"

"ಅದೂ ಇರಲ್ಲ."

"ಇನ್ನೇನ್ ಸುಡುಗಾಡು ಲೆಕ್ಕನೇ ಅದು!"

ಪಕ್ಕದ ಕುರ್ಚಿಯವರೆಲ್ಲ ತಿರುಗಿ ನೋಡಿದರು. ಅಕ್ಕ ದನಿ ತಗ್ಗಿಸಿದಳು. ಆದರೆ ಅವಳ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ಇದು ಇಲ್ಲಿಗೆ ಮುಗಿಯೋದಿಲ್ಲ. ಆ ಏರಿ ಮೇಲೆ ಇನ್ನೊಂದು ಲಾರಿ ಬರಕೂಡದು ಅಂತ ಅವಳು ತೀರ್ಮಾನ ಮಾಡಿಯಾಗಿತ್ತು.

ಅಕ್ಕ ಒಂದು ಅವಧಿಗೆ ಪಂಚಾಯ್ತಿ ಮೆಂಬರ್ ಆಗಿದ್ದವಳು. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಕರೆಂಟಿನ ಆಫೀಸಿನ ಮೆಟ್ಟಿಲ ಮೇಲೆ ಹೆಂಗಸರನ್ನ ಕೂರಿಸಿ ಹೊಸದು ಹಾಕಿಸಿದವಳು. ಅವಳಿಗೆ ಜಗಳ ಆಡೋಕೆ ಬರುತ್ತೆ. ಆದರೆ ಈ ಸಲ ಜಗಳ ಯಾರ ಮೇಲೆ? ಮ್ಯಾಪಿಗೆ ಆಫೀಸು ಎಲ್ಲಿದೆ? ಮೆಟ್ಟಿಲು ಎಲ್ಲಿದೆ? "ಸಾಹೇಬ್ರು ಊಟಕ್ಕೆ ಹೋಗಿದ್ದಾರೆ" ಅನ್ನೋದಕ್ಕಾದರೂ ಒಬ್ಬ ಗುಮಾಸ್ತ ಬೇಡವೇ?

ಮೊದಲು ಪಂಚಾಯ್ತಿಯವರ ಬೆನ್ನು ಹತ್ತಿ ಏರಿಯ ಬಾಯಲ್ಲಿ ಬೋರ್ಡು ಹಾಕಿಸಿದಳು. "ಭಾರಿ ವಾಹನಗಳಿಗೆ ಪ್ರವೇಶವಿಲ್ಲ". ಕನ್ನಡ ಬಾರದವರಿಗೆ ಹಿಂದಿ, ತಮಿಳಲ್ಲೂ ಬರೆಸಿದಳು. ಏನುಪಯೋಗ? ಬೋರ್ಡು ಕಾಣುವ ಹೊತ್ತಿಗೆ ಲಾರಿ ಊರೊಳಗೆ ಬಂದಾಗಿರುತ್ತೆ. ಅಲ್ಲಿ ತಿರುಗಿಸೋಕೆ ಜಾಗ ಎಲ್ಲಿ? ನುಗ್ಗಿಸಿಕೊಂಡು ಹೋಗೋದೇ. ಮೇಲಾಗಿ, ಫೋನ್ ನೋಡಿಕೊಂಡು ಬರುವವನು ಬೋರ್ಡು ಯಾಕೆ ನೋಡ್ತಾನೆ?

ನಾನು ನನ್ನ ಫೋನಿನಿಂದ ಮ್ಯಾಪಿಗೇ ರಿಪೋರ್ಟ್ ಮಾಡಿದೆ. ಫೋಟೋ ಹಾಕಿದೆ, ವಿವರ ಬರೆದೆ. ಕೆಲವು ದಿನದ ಮೇಲೆ ಉತ್ತರ ಬಂತು. ನಿಮ್ಮ ಸಲಹೆಯನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲ, ಧನ್ಯವಾದ. ಮತ್ತೆ ಕಳಿಸಿದೆ. ಮತ್ತೆ ಅದೇ ಧನ್ಯವಾದ.

"ಪರಿಶೀಲ್ಸಕ್ ಆಗ್ಲಿಲ್ವಂತಾ? ಬಂದ್ ನೋಡ್ಲಿ ಅನ್ನು. ಕಾಪಿ ಕೊಡ್ತೀನಿ" ಅಂದಳು ಅಕ್ಕ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಮ್ಯಾಪು ಎದ್ದು ಬಂದು ನೋಡೋದಿಲ್ಲ. ಹಾಗಾದರೆ ಅದಕ್ಕೆ ಕಣ್ಣು ಯಾವುದು? ನಮ್ಮ ಫೋನುಗಳೇ. ಯಾವ ಫೋನು ಯಾವ ರಸ್ತೆಯಲ್ಲಿ ಎಷ್ಟು ಬೇಗ ಹೋಯಿತು ಅನ್ನೋದೇ ಅದಕ್ಕೆ ಸಾಕ್ಷಿ. ಹಾಗಾದರೆ ಹೇಗೋ ತೂರಿಕೊಂಡು ಏರಿ ದಾಟಿದ ಪ್ರತಿ ಲಾರಿಯೂ "ದಾರಿ ಚೆನ್ನಾಗಿದೆ" ಅಂತ ಅದರ ಕಿವಿಯಲ್ಲಿ ಹೇಳಿ ಹೋಗುತ್ತಿದೆ! ಹಾಸನದಲ್ಲಿ ಕೂತ ನಾನೊಬ್ಬಳು ಚೆನ್ನಾಗಿಲ್ಲ ಅಂದರೆ ಅದು ಯಾರನ್ನು ನಂಬುತ್ತೆ?

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಲಾರಿಗಳು ಏರಿಗೆ ಬರೋ ಮುಂಚೆ ಹೈವೇಲೇ ನಿಲ್ಲಬೇಕು. ತಿರುಗದೆ ನೆಟ್ಟಗೆ ಹೋಗಬೇಕು. ಮತ್ತೆ, ರಿಪೋರ್ಟ್ ಆ ಡ್ರೈವರ್‌ಗಳ ಫೋನಿಂದಲೇ ಹೋಗಬೇಕು.

"ಅಷ್ಟೇ ತಾನೆ?" ಅಂದಳು.

ಅಷ್ಟೇ ತಾನೆ! ಮಾರನೇ ದಿನದಿಂದ ಅಕ್ಕ ಮತ್ತು ಅವಳ ಸ್ತ್ರೀಶಕ್ತಿ ಸಂಘದ ಹೆಂಗಸರು ಸರದಿಯ ಮೇಲೆ ಹೈವೇ ತಿರುವಿನ ಬಸ್ ಶೆಲ್ಟರಿನಲ್ಲಿ ಕೂತರು. ಒಂದು ಬಿಂದಿಗೆ ಮಜ್ಜಿಗೆ, ಒಂದು ಕೆಂಪು ಟವೆಲ್ಲು. ಲಾರಿ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿತೋ, ಟವೆಲ್ಲು ಬೀಸೋದು. ಸೆಲ್ವಂನ ಲಾರಿ ಹೂತು ನಿಂತಿದ್ದ ಫೋಟೋವನ್ನು ಫೋನಿನಲ್ಲಿ ತೋರಿಸೋದು. ಆ ಫೋಟೋಗೆ ಭಾಷೆ ಬೇಕಿರಲಿಲ್ಲ. ಆದರೂ ಅಕ್ಕ ಹಿಂದಿ ಬಿಡಲಿಲ್ಲ. "ಭಯ್ಯಾ, ಆಗೇ ರಸ್ತಾ ನಹೀ. ಕೆರೆ ಹೈ, ಕೆರೆ!"

ಮಜ್ಜಿಗೆ ಕುಡಿಯುವ ಹೊತ್ತಲ್ಲಿ ಡ್ರೈವರ್‌ನ ಕೈಲೇ ರಿಪೋರ್ಟ್ ಒತ್ತಿಸೋದು. ಕೆಲವರು ಒತ್ತಿದರು. ಕೆಲವರು ಬೈದರು. ಒಬ್ಬನಂತೂ ನಿಲ್ಲಿಸದೇ ನುಗ್ಗಿದ. ಏರಿಯ ತನಕ ಹೋಗಿ, ರಿವರ್ಸಿನಲ್ಲೇ ಊರೆಲ್ಲ ಹಾದು ವಾಪಸ್ ಬಂದ. (ಅವನಿಗೂ ಮಜ್ಜಿಗೆ ಸಿಕ್ಕಿತು. ಜೊತೆಗೆ ಅಕ್ಕನ ಬಾಯಿಂದ ಇನ್ನೊಂದಿಷ್ಟು.)

ಮನೆಯಲ್ಲಿ ರೆಸ್ಟಿನಲ್ಲಿದ್ದ ಭಾವನಿಗೆ ಉಪ್ಪಿಲ್ಲದ ಉಪ್ಪಿಟ್ಟು, ಮಾತಿಗೆ ಜನವಿಲ್ಲ. ನೋಡಲು ಹೋದಾಗ ನನ್ನ ಹತ್ತಿರ ದೂರು ಹೇಳಿಕೊಂಡರು. "ಡಾಕುಟ್ರು ನನ್ ಎದೆಗೆ ಸ್ಟೆಂಟ್ ಆಕುದ್ರು. ನಿಮ್ಮಕ್ಕ ಈಗ ರೋಡ್‌ಗೆ ಆಕಕ್ ಓಗವ್ಳೆ."

ಎಲ್ಲರಿಗೂ ಇದು ಇಷ್ಟವಾಯಿತು ಅಂದುಕೊಳ್ಳಬೇಡಿ. ಏರಿಯ ಬಾಯಲ್ಲಿ ಎಳನೀರು ಮಾರುವ ಪುಟ್ಟಸ್ವಾಮಣ್ಣ ಜಗಳಕ್ಕೇ ಬಂದ. ಮ್ಯಾಪು ನೋಡಿಕೊಂಡು ಬರುವ ಕಾರಿನವರಿಂದಲೇ ಅವನ ವ್ಯಾಪಾರ.

"ನಮ್ಮೂರ್ನೇ ಮ್ಯಾಪಿಂದ ಅಳಿಸಾಕ್ತಾ ಇದ್ದೀಯಲ್ಲವ್ವಾ! ನಾನ್ ಎಲ್ಲಿಗ್ ಓಗ್ಲಿ?"

"ಕಾರ್ ಬತ್ತವೆ, ಲಾರಿ ಬ್ಯಾಡ ಅಂತಿರೋದು. ಕಾರೂ ಕಮ್ಮಿಯಾದ್ರೆ ತಿರುವ್ನಾಗ್ ಬಂದ್ ಅಂಗ್ಡಿ ಇಡು, ನಾನೇ ನೆರಳು ಆಕುಸ್ಕೊಡ್ತೀನಿ. ಆದ್ರೆ ನಾಳೆ ನಿಂಗೇ ಎದೆ ಇಡ್ಕೊಂಡ್ರೆ?"

ಪುಟ್ಟಸ್ವಾಮಣ್ಣ ಗೊಣಗಿಕೊಂಡು ಅಂಗಡಿಗೆ ವಾಪಸ್ ಹೋದ. ತಿರುವಿಗೆ ಬರಲೇ ಇಲ್ಲ. ಕಾರುಗಳೂ ಆಮೇಲೆ ಕಡಿಮೆಯಾದವು. ಅವನ ಸಿಟ್ಟು ಸುಳ್ಳಲ್ಲ; ಅಕ್ಕನಿಗೂ ಅದು ಗೊತ್ತು. ಇವತ್ತಿಗೂ ಅವರಿಬ್ಬರಿಗೆ ಮಾತಿಲ್ಲ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಅಭ್ಯಾಸಬಲದಿಂದ ಹಿರೀಸಾವೆಯಿಂದ ಅರಕಲಗೂಡಿಗೆ ಅಂತ ಮ್ಯಾಪಿಗೆ ಹಾಕಿದೆ. ನೀಲಿ ಗೆರೆ ಹೈವೇ ಬಿಡಲಿಲ್ಲ! ನೆಟ್ಟಗೆ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಹೊಳೆನರಸೀಪುರದ ಕಡೆ ತಿರುಗಿತು. ಕಣ್ಣುಜ್ಜಿಕೊಂಡು ಮತ್ತೆ ಹಾಕಿದೆ. ಅದೇ. ಮಜ್ಜಿಗೆಯ ರಿಪೋರ್ಟುಗಳಿಂದಲೋ, ಲಾರಿಗಳು ತಿರುಗೋದು ನಿಂತಿದ್ದರಿಂದಲೋ, ಇನ್ನೇತರಿಂದಲೋ, ಮ್ಯಾಪು ನಮಗೇನೂ ಹೇಳಲಿಲ್ಲ. ಈ ಸಲ ಧನ್ಯವಾದವನ್ನೂ ಕಳಿಸಲಿಲ್ಲ.

ಅಕ್ಕನಿಗೆ ಹೇಳಿದರೆ ನಂಬಲಿಲ್ಲ. "ನಿನ್ ಫೋನಿಗ್ ಬುದ್ಧಿ ಬಂದಿರ್ಬೋದು. ಡ್ರೈವರ್ ಫೋನಿಗ್ ಬರ್ಬೇಕಲ್ಲ!" ಅಂತ ಸೆಲ್ವಂಗೇ ಫೋನ್ ಹಚ್ಚಿದಳು. (ಭಾವನ ಆರೋಗ್ಯ ವಿಚಾರಿಸೋಕೆ ಅವನು ಆಗಾಗ ಮಾಡುತ್ತಿದ್ದ; ನಂಬರು ಇತ್ತು.) ಅವನು ಎಲ್ಲೋ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ ನೋಡಿ ಹೇಳಿದ. "ಅಮ್ಮಾ, ನೇರಾ ಕಾಟ್ಟುದು!" ನೆಟ್ಟಗೆ ತೋರಿಸ್ತಾ ಇದೆ ಅಂತ. ಆಗ ಅಕ್ಕ ಅತ್ತಳಂತೆ. ಭಾವ ಹೇಳಿದ್ದು. ಅಕ್ಕನನ್ನು ಕೇಳಿದರೆ "ಈರುಳ್ಳಿ ಎಚ್ತಿದ್ದೆ" ಅನ್ನುತ್ತಾಳೆ.

ನಾನು ತಂತ್ರಜ್ಞಾನದ ಮೇಲೆ ಕತ್ತಿ ಮಸೆಯುತ್ತಿಲ್ಲ. ಆಂಬುಲೆನ್ಸ್ ಕರೆದದ್ದೂ ಫೋನೇ. ಭಾವನ ಎದೆಯಲ್ಲಿ ರಕ್ತ ಎಲ್ಲಿ ಕಟ್ಟಿಕೊಂಡಿದೆ ಅಂತ ಡಾಕ್ಟರಿಗೆ ಪರದೆಯ ಮೇಲೆ ತೋರಿಸಿದ್ದೂ ಗಣಿತವೇ. ಅದರ ಅನ್ನ ತಿನ್ನುವವಳು ನಾನು, ಬೈದರೆ ನಾಲಿಗೆ ಬಿದ್ದುಹೋದೀತು. ಆದರೆ ಸಾಲ ಕೊಡಬೇಕೋ ಬೇಡವೋ, ಕೆಲಸಕ್ಕೆ ಯಾರನ್ನು ಕರೆಯಬೇಕು, ಯಾರ ಮನೆಗೆ ಯಾವ ಸುದ್ದಿ ಮುಟ್ಟಬೇಕು, ಎಲ್ಲಕ್ಕೂ ಈಗ ಇಂಥದೇ ಒಂದು ಲೆಕ್ಕ ಹಿಂದೆ ಕೂತಿದೆ. ಲೆಕ್ಕ ತಪ್ಪಿರೋದಿಲ್ಲ. ಬಿಟ್ಟುಹೋಗಿರುತ್ತೆ. ಬಿಟ್ಟುಹೋಗಿದ್ದನ್ನು ಗಟ್ಟಿಯಾಗಿ ಹೇಳುವವರು ಬೇಕು, ಒಂದು ಸಲ ಅಲ್ಲ, ಅದು ಕೇಳಿಸಿಕೊಳ್ಳುವ ತನಕ.

ಕಳೆದ ವಾರ ಕ್ಲಾಸಿನಲ್ಲಿ ಅದೇ ಪಾಠ ಬಂತು. ಅತಿ ಹತ್ತಿರದ ದಾರಿ. ಬೋರ್ಡಿನ ಮೇಲೆ ಚುಕ್ಕಿ ಇಟ್ಟೆ, ಗೆರೆ ಎಳೆದೆ, ನಂಬರು ಬರೆದೆ. ಎಂದಿನಂತೆ ಕೂಡಿಸಿ ಉತ್ತರ ತೆಗೆದ ಮೇಲೆ ಸೀಮೆಸುಣ್ಣ ಕೆಳಗಿಟ್ಟು, "ಈಗ ಹೇಳಿ, ನೀವು ದಿನಾ ಬರೋ ದಾರೀಲಿ ಈ ನಂಬರಿಗೆ ಕಾಣದ್ದು ಏನಿದೆ?" ಅಂದೆ.

ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಎದ್ದಳು.

"ಮ್ಯಾಮ್, ಬಸ್ ಇಳಿದ ಮೇಲೆ ನಮ್ಮನೆಗೆ ತೋಟದೊಳಗಿಂದ ಹತ್ತಿರ ಅಂತ ಮ್ಯಾಪು ತೋರಿಸುತ್ತೆ. ಅಲ್ಲಿ ಲೈಟಿಲ್ಲ, ಸಂಜೆ ಕುಡಿಯೋರು ಕೂತಿರ್ತಾರೆ. ನಾನು ಊರು ಸುತ್ತಿಕೊಂಡೇ ಹೋಗೋದು."

ಆ ಹುಡುಗಿಯ ಹೆದರಿಕೆಗೆ ನಂಬರು ಇಲ್ಲ. ಇರಬೇಕು ಅಂತ ನಾವು ಹಟ ಹಿಡಿಯದಿದ್ದರೆ ಮುಂದೆಯೂ ಇರೋದಿಲ್ಲ.

ಕೂಡೋದು, ಕಳೆಯೋದು ಯಂತ್ರದ ಕೆಲಸವೇ ಆಗಲಿ. ಲೆಕ್ಕಕ್ಕೆ ಏನೇನು ಸೇರಬೇಕು ಅಂತ ಹೇಳೋದನ್ನೂ ಅದಕ್ಕೇ ಬಿಟ್ಟುಕೊಡೋಣವೇ?