ವಿನೋದಾಳ ಶುಕ್ರವಾರದ ದೆವ್ವಗಳು

ಅಂಬರನಾಥದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಿದ್ದ ವಿನೋದಾಳಿಗೆ ವಾರದ ರಜೆ ಶುಕ್ರವಾರ. ಹೊಸ ಸಿನಿಮಾ ಬರುವುದೂ ಅಂದೇ. ದೆವ್ವದ ಸಿನಿಮಾ ಬಂತೆಂದರೆ ಡೊಂಬಿವಲಿಯ ಮನೆಗೆ ಬೀಗ ಜಡಿದು, ಲೋಕಲ್ ರೈಲು ಹತ್ತಿ, ಕಲ್ಯಾಣದ ಟಾಕೀಸಿನಲ್ಲಿ ಹನ್ನೆರಡರ ಆಟಕ್ಕೆ ಒಬ್ಬಳೇ ಹೋಗಿ ಕೂರುತ್ತಿದ್ದಳು. ತೆರೆಯ ಮೇಲೆ ಬಾಗಿಲು ಕಿರ್ರೆಂದರೆ ಸಾಕು, ಮನಸಾರೆ ಕಿರುಚುತ್ತಿದ್ದಳು. ಮುಂದಿನ ಸಾಲಿನ ಕಾಲೇಜು ಹುಡುಗಿಯರು ತಿರುಗಿ ನಕ್ಕರೆ ತಾನೂ ನಗುತ್ತಿದ್ದಳು.

ಗಂಡ ದೇವದಾಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಇಪ್ಪತ್ತಮೂರು ವರ್ಷ ಅವನು ಬೆಲ್ಟ್ ಬಿಚ್ಚಿದಾಗಲೆಲ್ಲ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಒತ್ತೊತ್ತು ಮನೆಗಳ ಚಾಳಿನ ತೆಳ್ಳಗಿನ ಗೋಡೆಯಾಚೆ ಸದ್ದು ಹೋಗಬಾರದಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಡೊಂಬಿವಲಿಯ ಕನ್ನಡ ಸಂಘದ ಭಜನೆಯಲ್ಲಿ ಅವಳದೇ ಮುಖ್ಯ ದನಿ. ೨೦೧೩ರ ಒಂದು ಸಂಜೆ, ಅಭ್ಯಾಸ ಮುಗಿದ ಮೇಲೆ, ಮಹಿಳಾ ವಿಭಾಗದ ಅಧ್ಯಕ್ಷೆ ಜಯಲತಾ ಎಲ್ಲರೆದುರೇ ಕೇಳಿದರು:

"ಗಂಡ ಸತ್ತವಳು ಟಾಕೀಸಿಗೆ ಹೋಗಿ ಕಿರುಚುದಂತೆ! ಸಂಘದ ಮರ್ಯಾದೆ ಎಂತ ಆಗ್ತದೆ? ಭಜನೆ ಬೇಕಾ, ದೆವ್ವ ಬೇಕಾ, ನೀನೇ ಹೇಳು."

ವಿನೋದಾ ಕೈಯಲ್ಲಿದ್ದ ತಾಳ ಕೆಳಗಿಟ್ಟಳು.

"ಜಯಲತಕ್ಕ, ನಾನು ಇಪ್ಪತ್ತಮೂರು ವರ್ಷ ಮನೆಯಲ್ಲಿ ಹೆದರಿದ್ದೇನೆ. ಬಾಯಿ ಬಿಡ್ಲಿಕ್ಕೆ ಇರ್ಲಿಲ್ಲ. ಟಾಕೀಸಲ್ಲಿ ಎಷ್ಟು ಕಿರುಚಿದ್ರೂ ಯಾಕೆಂತ ಯಾರೂ ಕೇಳುದಿಲ್ಲ. ಅಲ್ಲಿನ ದೆವ್ವ ಮೂರು ಗಂಟೆಗೆ ಮುಗೀತದೆ, ಮೈಮೇಲೆ ಒಂದು ಗಾಯ ಇರುದಿಲ್ಲ. ಭಜನೆ ಬೇರೆಯವರ ಹತ್ರ ಹೇಳಿಸಿ. ಶುಕ್ರವಾರ ನಾನು ಬಿಡುದಿಲ್ಲ."

ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಹಿಂದಿನಿಂದ ಓಡಿಬಂದವಳು ಜಯಲತಾರ ಸೊಸೆ ಪ್ರಣೀತಾ.

"ಆಂಟಿ, ನೆಕ್ಸ್ಟ್ ಫ್ರೈಡೇ ನಾನೂ ಬರ್ಲಾ?"

"ನಿನ್ನ ಅತ್ತೆ ಸುಮ್ಮನಿರ್ತಾರಾ?"

"ಹೇಳಿಯೇ ಬರ್ತೇನೆ."

ಬಂದಳು, ಭಜನೆಯ ಇನ್ನಿಬ್ಬರನ್ನೂ ಕರೆತಂದಳು. ಮೊದಮೊದಲು ಕಣ್ಣು ಮುಚ್ಚಿಕೊಂಡೇ ಇದ್ದಳು. ತೆರೆಯ ಮೇಲೆ ಮಂಚದಡಿಯಿಂದ ಕೈಯೊಂದು ಹೊರಬಂದಾಗ ಎಂಥ ಕಿರುಚು ಕಿರುಚಿದಳೆಂದರೆ ಇಡೀ ಟಾಕೀಸು ಚಪ್ಪಾಳೆ ತಟ್ಟಿತು. ಇಂಟರ್ವಲ್‌ನಲ್ಲಿ, ಮುಖ ಕೆಂಪಾಗಿದ್ದ ಅವಳು ಮನೆಗೆ ಫೋನ್ ಹಚ್ಚಿದಳು:

"ಅತ್ತೆ, ಇವತ್ತು ಚಪಾತಿ ನೀವೇ ಲಟ್ಟಿಸಿ. ನಾವು ಕೆರೆ ಹತ್ರ ಸುತ್ತಾಡಿ ಬರ್ತೇವೆ."

ಸಂಘದವರು ವಿನೋದಾಳನ್ನು ಮತ್ತೆ ಕರೆಯಲಿಲ್ಲ. ಸ್ಟೇಷನ್ನಿನಲ್ಲಿ ಕಂಡರೂ ಜಯಲತಾ ಮುಖ ತಿರುಗಿಸುತ್ತಿದ್ದರು. ನೋವಾಗದೆ ಇರಲಿಲ್ಲ. ಆದರೆ ಭಜನೆಯನ್ನೂ ಅವಳು ಬಿಟ್ಟುಕೊಡಲಿಲ್ಲ. ಬೆಳಗಿನ ಲೋಕಲ್‌ನ ಹೆಂಗಸರ ಬೋಗಿಯಲ್ಲಿ, ತಾಳ ಹಿಡಿದು ಭಜನೆ ಹಾಡುತ್ತ ಕೆಲಸಕ್ಕೆ ಹೋಗುವ ಮರಾಠಿ ಹೆಂಗಸರ ನಡುವೆ ಜಾಗ ಮಾಡಿಕೊಂಡು, ಗಂಟಲೆತ್ತಿ ಕನ್ನಡದಲ್ಲೇ ಹಾಡತೊಡಗಿದಳು.