ಹಣೆಯ ಮೇಲೆ ಬಂದು ಕೂರುತ್ತಿದ್ದ ಐಕಾನ್

ದೆವ್ವ, ಚೌಡಿ, ಮಾಟ ಅಂತ ಯಾರಾದರೂ ಮಾತು ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂಡಿಗೆರೆಯಲ್ಲಿ ರೇಡಿಯೋ ರಿಪೇರಿ ಕಲಿತು, ಅಲ್ಲಿಂದ ಟಿ.ವಿ.ಗೆ ಬಂದು, ಕಂಪ್ಯೂಟರು ಬಂದಾಗ ಅದನ್ನೂ ಬಿಚ್ಚಿ ಜೋಡಿಸಿಯೇ ಕಲಿತವನು. ಕೆಟ್ಟಿದೆ ಅಂದರೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ. ಈಗಲೂ ಹಾಗೇ ನಂಬಿದ್ದೇನೆ, ಒಂದು ಸಂಗತಿಯನ್ನು ಬಿಟ್ಟು. ಅದನ್ನು ನಡೆದಷ್ಟೇ ಬರೆಯುತ್ತೇನೆ. ನೀವು ನಂಬಲೇಬೇಕು ಅಂತೇನಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಲ್ದೂರಿನಲ್ಲಿ ಸತೀಶ ಮತ್ತು ಅವನ ಹೆಂಡತಿ ವಿಶಾಲಾಕ್ಷಿ ಡಿ.ಟಿ.ಪಿ., ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಅವರ ಕಂಪ್ಯೂಟರ್ ನಾನೇ ಜೋಡಿಸಿಕೊಟ್ಟದ್ದು. ಆ ವರ್ಷದ ಮಳೆಗಾಲದಲ್ಲಿ ಸತೀಶ ಯಾರದೋ ಆಮಂತ್ರಣದ ಕರಡು ತೋರಿಸಲು ಬಾಳೆಹೊನ್ನೂರಿಗೆ ಹೋದವನು ವಾಪಸ್ ಬರಲಿಲ್ಲ. ಬೈಕು ಭದ್ರಾ ಹೊಳೆ ಬದಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ.

ಹೊಳೆಯಲ್ಲಿ ಹುಡುಕುವವರು ಹುಡುಕಿ ಸುಮ್ಮನಾದರು. ಸತೀಶನ ಅಣ್ಣ ಕೃಷ್ಣಪ್ಪನವರು ವಸ್ತಾರೆ ಕಡೆಯವರು, ಒಳ್ಳೆಯ ಮನುಷ್ಯರೇ. ಮಹಾಲಯ ಅಮಾವಾಸ್ಯೆಯೊಳಗೆ ಹೆಣದ ಬದಲಿಗೆ ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸೋಣ, ತಮ್ಮನ ಆತ್ಮ ಅತಂತ್ರ ಆಗೋದು ಬೇಡ ಅಂತ ಅವರ ಹಟ. ವಿಶಾಲಾಕ್ಷಿ ಒಪ್ಪಲಿಲ್ಲ. ಹೆಣ ನೋಡದೆ ನಾನು ಹಣೆ ಒರೆಸಿಕೊಳ್ಳಲ್ಲ ಅಂದಳು. ಅಂಗಡಿ ಬಾಗಿಲು ತೆಗೆದು, ಅಗಲ ಕುಂಕುಮ ಇಟ್ಟುಕೊಂಡು ಕೂರುತ್ತಿದ್ದಳು.

ಅಂಥ ದಿನಗಳಲ್ಲಿ ಅವಳ ಫೋನ್ ಬಂತು. "ಅಣ್ಣ, ಐಕಾನ್ ಇಟ್ಟಲ್ಲಿ ಕೂರ್ತಿಲ್ಲ. ಒಂದ್ಸಲ ಬಂದು ಹೋಗಿ" ಅಂದಳು. ಇದೇನು ದೊಡ್ಡ ವಿಷಯ ಅಂದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದೆ.

ಅವರ ಪರದೆಯ ಮೇಲೆ ಸತೀಶನದೇ ಫೋಟೋ. ಅಂಗಡಿ ಪೂಜೆಯ ದಿನ ನಗುತ್ತಾ ನಿಂತದ್ದು, ಪರದೆ ತುಂಬ ಮುಖ. ಐಕಾನ್‌ಗಳೆಲ್ಲ ಎಡಗಡೆ ಸಾಲಾಗಿದ್ದವು. ಲಗ್ನಪತ್ರಿಕೆಗಳನ್ನು ಇಟ್ಟಿದ್ದ ಫೋಲ್ಡರಿಗೆ ಸತೀಶ ಇಷ್ಟಪಟ್ಟು ಒಂದು ಕೆಂಪು ಗುಂಡನೆಯ ಚಿತ್ರ ಹಾಕಿಕೊಂಡಿದ್ದ. ಅದೊಂದು ಮಾತ್ರ ಸಾಲು ಬಿಟ್ಟು ಬಂದು ಅವನ ಹಣೆಯ ನಟ್ಟನಡುವೆ ಕೂತಿತ್ತು.

ಫೋಟೋಕ್ಕೆ ಕುಂಕುಮ ಇಟ್ಟರೆ ಏನರ್ಥ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳು ಪರದೆ ಕಡೆ ನೋಡದೆ, "ದಿನಾ ಪಕ್ಕಕ್ಕೆ ಇಡ್ತೀನಿ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಅಲ್ಲೇ" ಅಂದಳು.

ನಾನು ಕೆಲಸಕ್ಕೆ ಕೂತೆ. ಆಲ್ದೂರಿನ ಕರೆಂಟು ಗೊತ್ತಲ್ಲ, ಹೋಗಿ ಬಂದು ಮಾಡಿದಾಗ ಪರದೆಯ ಅಳತೆ ತಪ್ಪಿ ಐಕಾನ್‌ಗಳು ಚೆಲ್ಲಾಪಿಲ್ಲಿ ಆಗುವುದುಂಟು. ಅಳತೆ ನೋಡಿದೆ, ಸರಿಯಿತ್ತು. ಪರದೆ ನಡೆಸುವ ತಂತ್ರಾಂಶ, ಡಿಸ್‌ಪ್ಲೇ ಡ್ರೈವರ್ ಅಂತಾರೆ, ಅದನ್ನು ತೆಗೆದು ಹೊಸದಾಗಿ ಹಾಕಿದೆ. ತನ್ನಷ್ಟಕ್ಕೆ ಸಾಲು ಹಿಡಿಯುವ ಆಟೋ ಅರೇಂಜ್ ಹಾಕಿ ನೋಡಿದೆ, ತೆಗೆದು ನೋಡಿದೆ. ವೈರಸ್ ಹುಡುಕಿದೆ, ಇರಲಿಲ್ಲ. ಪ್ರತಿ ಸಲ ಕೆಂಪು ಗುಂಡನ್ನು ಎಳೆದು ಎಡಸಾಲಿನ ಕೊನೆಗೆ ಕೂರಿಸಿ ಆಫ್ ಮಾಡುತ್ತಿದ್ದೆ. ಆನ್ ಆದಾಗ ಸಾಲಿನ ಕೊನೆ ಖಾಲಿ, ಹಣೆಯ ಮೇಲೆ ಕೆಂಪು.

ಅಷ್ಟರಲ್ಲಿ ಕೃಷ್ಣಪ್ಪನವರು ಬಂದು ಬೆಂಚಿನ ಮೇಲೆ ಕೂತರು. "ಏನ್ ಮಾರಾಯ, ನಿನ್ನ ವಿದ್ಯೆ ಇಷ್ಟೇನಾ? ಆಗ್ಲಿಂದ ಇಲಿ ಹಿಡ್ಕೊಂಡು ಉಜ್ತಾನೇ ಇದ್ದೀಯಲ್ಲ" ಅಂದರು. ನನಗೆ ಉರಿದು ಹೋಯಿತು. ಒಂದು ಉಪಾಯ ಹೊಳೆಯಿತು. ಫೋಟೋವನ್ನೇ ಚಿಕ್ಕದು ಮಾಡಿ, ಪರದೆಯ ಕೆಳಗಡೆ ಬಲಮೂಲೆಗೆ ಸರಿಸಿ, ಕೆಂಪು ಗುಂಡನ್ನು ಮತ್ತೆ ಎಡಸಾಲಿನ ಕೊನೆಗೆ ಎಳೆದೆ. ಐಕಾನ್ ಹಳೇ ಜಾಗಕ್ಕೇ ಬಂದರೂ ಅಲ್ಲಿ ಈಗ ಹಣೆ ಇರುವುದಿಲ್ಲವಲ್ಲ. ಇದು ಯಂತ್ರದ ದೋಷವೇ ಆಗಿದ್ದರೆ ಈಗ ಗೊತ್ತಾಗಬೇಕು. ಆಫ್ ಮಾಡಿ ಆನ್ ಮಾಡಿದೆ.

ಪರದೆಯ ನಡುವೆ ಏನೂ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣಗಾಗಿದ್ದ ಸತೀಶನ ಹಣೆಯ ಮೇಲೆ ಕೆಂಪು ಇತ್ತು.

ಕೃಷ್ಣಪ್ಪನವರು ಹಾಸ್ಯಕ್ಕೆ ಬಗ್ಗಿ ನೋಡಿದವರು ಹೆಗಲ ಟವೆಲಿನಲ್ಲಿ ಮುಖ ಒತ್ತಿಕೊಂಡರು. "ಆ ಫೋಲ್ಡರ್ ತೆಗೆದೇ ಬಿಡ್ಲಾ?" ಅಂತ ನಾನು ಕೇಳಿದೆ.

ವಿಶಾಲಾಕ್ಷಿ ಆಗ ಪರದೆಯನ್ನು ಚೆನ್ನಾಗಿ ನೋಡಿದಳು. "ಬೇಡ ಅಣ್ಣ. ನೀವಾದ್ರೂ ಎಷ್ಟು ಸಲ ಒರೆಸ್ತೀರಿ" ಅಂದಳು.

ಒರೆಸ್ತೀರಿ ಅಂದಳು. ಸರಿಸ್ತೀರಿ ಅನ್ನಲಿಲ್ಲ. ಆಮೇಲೆ ಭಾವನ ಕಡೆ ತಿರುಗಿ, "ಭಾವ, ಅಮಾವಾಸ್ಯೆ ಒಳಗೆ ಮುಗಿಸಿ" ಅಂದು ಒಳಗೆ ಹೋದಳು. ಅಳುವ ಸದ್ದು ಕೇಳಲಿಲ್ಲ. ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆಮೇಲೆ ನಾನು ಎಷ್ಟೋ ಕಂಪ್ಯೂಟರ್ ಬಿಚ್ಚಿದ್ದೇನೆ. ಓದಿದವರನ್ನು ಕೇಳಿದ್ದೇನೆ. ಒಬ್ಬರು ಡ್ರೈವರ್ ಅಂದರು, ಇನ್ನೊಬ್ಬರು ರಿಜಿಸ್ಟ್ರಿ ಅಂದರು. ಮೂಲೆಗೆ ಸರಿಸಿದ ಫೋಟೋ ವಿಷಯ ಹೇಳಿದರೆ ನಕ್ಕು ಬೇರೆ ಮಾತು ತೆಗೆದರು. ಸತೀಶ ಇವತ್ತಿಗೂ ಸಿಕ್ಕಿಲ್ಲ, ಹೆಣವಾಗಿಯೂ ಸಿಕ್ಕಿಲ್ಲ. ಅದಕ್ಕೇ ನನಗೆ ಈ ಸಂಗತಿ ಬಿಡಲಾಗುತ್ತಿಲ್ಲ. ಅದು ನನ್ನ ಕೈಗೆ ಸಿಗದ ಒಂದು ದೋಷ ಮಾತ್ರ ಆಗಿದ್ದರೆ, ಆ ಹೆಂಗಸು ಯಾವುದನ್ನು ನಂಬಿ ಎದ್ದು ಒಳಗೆ ಹೋದಳು? ದೋಷ ಅಲ್ಲ ಅಂದರೆ, ನಾನು ಇಷ್ಟು ವರ್ಷ ಏನು ಕಲಿತ ಹಾಗಾಯಿತು?

ಕರ್ಮಗಳೆಲ್ಲ ಮುಗಿದ ಮೇಲೆ ಪ್ರಿಂಟರ್ ಕೆಲಸಕ್ಕೆ ಮತ್ತೊಮ್ಮೆ ಆ ಅಂಗಡಿಗೆ ಹೋಗಿದ್ದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸತೀಶನ ಫೋಟೋ, ಗಾಜಿನ ಮೇಲೆ ಕುಂಕುಮ. ಕಂಪ್ಯೂಟರಿನಲ್ಲಿ ಅದೇ ನಗುಮುಖ ಮತ್ತೆ ಪರದೆ ತುಂಬ ಇತ್ತು. ಕೆಂಪು ಐಕಾನ್ ನಾನು ಇಟ್ಟಿದ್ದ ಎಡಸಾಲಿನ ಕೊನೆಯಲ್ಲಿ ಕೂತಿತ್ತು. ನಾನು ಕೇಳುವ ಮೊದಲೇ, "ಫೋಟೋ ದೊಡ್ಡದು ಮಾಡಿದ್ದು ನಾನೇ. ಐಕಾನ್ ಮುಟ್ಟಿಲ್ಲ ಅಣ್ಣ, ಕರ್ಮ ಮುಗಿದ ದಿನದಿಂದ ಅಲ್ಲೇ ಇದೆ" ಅಂದಳು.

ಪರದೆಯ ಮೇಲಿನ ಹಣೆ ಬರಿದಾಗಿತ್ತು. ಅವಳದ್ದೂ.