ಅಕ್ಕಿಕಾಳಿನಷ್ಟು ಸಂದು

ವನಗೂರಿನ ಕಡೆಯಿಂದ ಜೀಪಿನಲ್ಲಿ ಬಂದ ಬಸುರಿಗೆ ನಮ್ಮ ನರ್ಸಿಂಗ್ ಹೋಮಿನ ಬಾಗಿಲು ದಾಟಿದ ಅರ್ಧ ಗಂಟೆಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಎರಡು ತಿಂಗಳು ಮುಂಚೆಯೇ ಹುಟ್ಟಿಬಿಟ್ಟಿತ್ತು. ತೂಕ ಒಂದೂಕಾಲು ಕಿಲೋ. ಉಸಿರೆಳೆದಾಗಲೆಲ್ಲ ಪುಟ್ಟ ಎದೆ ಒಳಕ್ಕೆ ಕುಸಿಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿದ್ದ ಕಾಲ ಅದು. ನಾನು ಸಕಲೇಶಪುರದಲ್ಲಿ ನರ್ಸ್ ಆಗಿದ್ದೆ.

“ಬಾಟಲಿ ಹಚ್ಚೋಣ, ಬೇಗ!” ಎಂದರು ಮಕ್ಕಳ ಡಾಕ್ಟರ್ ಮೇಡಂ.

ಬಾಟಲಿ ಎಂದರೆ ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಉಸಿರಾಟದ ಸಾಧನ. ಮಗುವಿನ ಎರಡೂ ಹೊಳ್ಳೆಗಳಿಗೆ ಸಣ್ಣ ಮೆತ್ತನೆಯ ಕೊಳವೆ ಇಟ್ಟು ಬೆಚ್ಚಗಿನ, ತೇವದ ಗಾಳಿ ಹಾಯಿಸುತ್ತಿದ್ದೆವು. ಪೈಪಿನ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತಿತ್ತು. ನೀರು ಗುಳುಗುಳು ಎಂದರೆ ಒತ್ತಡ ಸರಿಯಾಗಿ ಹೋಗುತ್ತಿದೆ, ಶ್ವಾಸಕೋಶ ಮುಚ್ಚಿಕೊಳ್ಳುವುದಿಲ್ಲ ಎಂದು ಧೈರ್ಯ. ಆ ಸದ್ದು ಕೇಳಿದರೆ ನನಗೆ ಕುಣಿಯುವಷ್ಟು ಖುಷಿ.

ಆದರೆ ಇದಕ್ಕಿಂತ ಹಿಂದಿನ ಮಗುವಿಗೆ ಬಾಟಲಿ ಹಚ್ಚಿದಾಗ ನಾನು ಸದ್ದನ್ನಷ್ಟೇ ಕೇಳುತ್ತಿದ್ದೆ, ಮೂಗು ನೋಡಿರಲಿಲ್ಲ. ನಾಲ್ಕನೇ ದಿನ ಕೊಳವೆ ತೆಗೆದರೆ ಹೊಳ್ಳೆಗಳ ನಡುವಿನ ಚರ್ಮ ಕಪ್ಪಾಗಿ ಹರಿದಿತ್ತು. “ಜೀವ ಉಳೀತಲ್ಲ ಸಿಸ್ಟರೇ, ಮೂಗು ಹೆಂಗಾದ್ರೂ ಇರ್ಲಿ ಬುಡಿ” ಎಂದಳು ಅದರ ತಾಯಿ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಮೇಡಂ, ಈ ಸಲ ಮೂಗಿನ ಜವಾಬ್ದಾರಿ ನಂಗೆ ಬಿಡಿ” ಎಂದೆ.

“ಆಯ್ತು ಕಣ್ರೀ. ಕೊಳವೆ ಬುಡಕ್ಕೂ ಚರ್ಮಕ್ಕೂ ಮಧ್ಯೆ ಅಕ್ಕಿಕಾಳಿನಷ್ಟು ಸಂದು ಇರ್ಬೇಕು, ಅಷ್ಟೇ.”

ಹೊಳ್ಳೆಗೆ ಒಪ್ಪುವ ಅಳತೆಯ ಕೊಳವೆ ಆರಿಸಿದೆ. ಗಾಯಕ್ಕೆ ಹಚ್ಚುವ ಮೆತ್ತನೆಯ ಅಂಟುಪಟ್ಟಿಯನ್ನು ಕತ್ತರಿಸಿ ಮೂಗಿನ ಕೆಳಗೆ ಕೂರಿಸಿದೆ. ಪೈಪನ್ನು ಮಗುವಿನ ಕುಲಾವಿಗೆ ಕಟ್ಟಿದೆ. ಟಾರ್ಚ್ ಹಿಡಿದು ನೋಡಿದರೆ ಸಂದು ಕಂಡಿತು. ಕಾಲು ಗಂಟೆ ಬಿಟ್ಟು ನೋಡಿದರೆ ಇಲ್ಲ! ತಿಂಗಳು ತುಂಬಿದ ಮಕ್ಕಳಿಗೆ ತಂದಿದ್ದ ಕುಲಾವಿ ಆ ಪುಟ್ಟ ತಲೆಗೆ ಜಾರಿ ಕಣ್ಣಿನ ಮೇಲೆ ಇಳಿದಿತ್ತು. ಅದರ ಜೊತೆ ಪೈಪೂ ಇಳಿದು ಮೂಗನ್ನು ಒತ್ತುತ್ತಿತ್ತು. ಸರಿಮಾಡಿದೆ, ಮತ್ತೆ ಜಾರಿತು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ, ಬಾಣಂತಿಯ ತಾಯಿ, ನನ್ನ ಪೇಚಾಟ ನೋಡುತ್ತಿದ್ದರು.

“ಯಾಕವ್ವಾ, ಮಗೀಗೇನಾಯ್ತು?”

“ಏನೂ ಆಗಿಲ್ಲ ಅಜ್ಜಿ. ಕುಲಾವಿ ದೊಡ್ಡದಾಯ್ತು, ನಿಲ್ತಾ ಇಲ್ಲ.”

“ಅಷ್ಟೇಯಾ! ಒಂದು ದಾರ ತಗಂಡು ತಲೆ ಅಳ್ದು ಕೊಡು ಕಣವ್ವಾ. ಉಲ್ಲನ್ನು, ಕಡ್ಡಿ ಎಲ್ಲಾ ನನ್ ಚೀಲ್ದಲ್ಲೇ ಐತೆ.”

ಚೀಲದಲ್ಲಿ ಇದ್ದದ್ದು ಇದೇ ಮಗುವಿಗೆಂದು ಅರ್ಧ ಹೆಣೆದಿದ್ದ ಹಳದಿ ಸ್ವೆಟರು. ಅಜ್ಜಿ ಅದನ್ನು ಸರಸರನೆ ಬಿಚ್ಚಿಹಾಕಿದರು. ಪೈಪು ಕೂರಲು ಎರಡೂ ಕಿವಿಯ ಮೇಲೆ ಒಂದೊಂದು ಕುಣಿಕೆ ಬೇಕು ಎಂದು ನಾನು ಕಾಗದದ ಮೇಲೆ ಗೀಚಿ ತೋರಿಸಿದೆ. ವರಾಂಡದ ಬೆಂಚಿನಲ್ಲಿ ಕೂತು ಊಟದ ಹೊತ್ತಿಗೆ ಕುಲಾವಿ ಮುಗಿಸಿದರು. ಹಾಕಿ ನೋಡಿದರೆ ಕುಣಿಕೆ ಮೇಲಾಗಿ, ಪೈಪು ಮೂಗನ್ನು ಮೇಲಕ್ಕೆ ಎತ್ತಿಹಿಡಿಯಿತು. ಹೇಳಲು ನನಗೇ ಸಂಕೋಚವಾಯಿತು. “ಒಂದು ಬೆರಳು ಕೆಳಗಾಗ್ಬೇಕು, ಅಲ್ವಾ?” ಎಂದು ಅವರೇ ಕಡ್ಡಿ ಎತ್ತಿಕೊಂಡರು.

ಎರಡನೇ ಸಲ ಕುಲಾವಿ ಹಲಸಿನ ಬೀಜಕ್ಕೆ ಸಿಪ್ಪೆ ಅಂಟಿದ ಹಾಗೆ ತಲೆಗೆ ಕೂತಿತು. ಟಾರ್ಚ್ ಹಿಡಿದೆ. ಸಂದು! ಅರ್ಧ ಗಂಟೆ ಬಿಟ್ಟು ಹಿಡಿದೆ. ಸಂದು ಇದ್ದಲ್ಲೇ ಇತ್ತು! ನಾನು ಕೂಗಿದ ರಭಸಕ್ಕೆ ಮೇಡಂ ಏನೋ ಅನಾಹುತವೆಂದು ಓಡಿಬಂದರು.

ಮುಂದಿನ ದಿನಗಳಲ್ಲಿ ಪ್ರತಿಸಲ ಹಾಲು ಕೊಡುವ ಮುಂಚೆ ಕೊಳವೆ ಸಡಿಲಿಸಿ, ಎರಡು ಹನಿ ಉಪ್ಪುನೀರು ಬಿಟ್ಟು, ಮೂಗು ನೋಡುತ್ತಿದ್ದೆವು. ನಾನಿಲ್ಲದಾಗ ಉಳಿದ ನರ್ಸುಗಳು ನೋಡುತ್ತಿದ್ದರು. ತಾಯಿಗೂ ಟಾರ್ಚ್ ಹಿಡಿಯಲು ಕಲಿಸಿದ್ದೆ. ಮೂರನೇ ದಿನ ಅವಳೇ ಕರೆದಳು.

“ಸಿಸ್ಟರೇ, ಇಲ್ಲಿ ವಸಿ ಕೆಂಪಾಗೈತೆ, ನೋಡಿ.”

ಓಡಿಹೋಗಿ ನೋಡಿದರೆ ಪೈಪು ಒಂದು ಬದಿಗೆ ಜೋತುಬಿದ್ದು ಕೊಳವೆಯನ್ನು ಎಳೆಯುತ್ತಿತ್ತು. ಬಟ್ಟೆ ಸುತ್ತಿ ಪೈಪಿನ ಕೆಳಗೆ ಒತ್ತು ಕೊಟ್ಟೆ. ಸಂಜೆಯ ಹೊತ್ತಿಗೆ ಕೆಂಪು ಇಳಿದಿತ್ತು. ನಾನು ಅವಳ ಕೈ ಹಿಡಿದು ಕುಲುಕಿದೆ. ಹೆತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಏಳನೇ ದಿನ ಬೆಳಿಗ್ಗೆ ಮೇಡಂ ಕೊಳವೆ ತೆಗೆದರು. ಗುಳುಗುಳು ನಿಂತಿತು. ನಾವೆಲ್ಲ ಮಗುವಿನ ಎದೆಯನ್ನೇ ನೋಡಿದೆವು. ಏಳುತ್ತಿತ್ತು, ಇಳಿಯುತ್ತಿತ್ತು, ಎಲ್ಲೂ ಕುಸಿಯುತ್ತಿರಲಿಲ್ಲ. ಪಟ್ಟಿಯನ್ನು ಮೆಲ್ಲಗೆ ಬಿಡಿಸಿದೆ. ಒಂದು ಗೀರೂ ಇಲ್ಲದ ಮೂಗು! ಅಷ್ಟರಲ್ಲಿ ಆ ಮೂಗು ಸುಕ್ಕಾಯಿತು, ಬಾಯಿ ತೆರೆಯಿತು, ಮಗು ಮೈಯೆಲ್ಲ ಕುಲುಕಿಕೊಂಡು ಸೀನಿತು.

“ಚಿರಂಜೀವಿಯಾಗು ನಮ್ಮವ್ವಾ!” ಎಂದು ಅಜ್ಜಿ ಬಾಗಿಲಿನಿಂದಲೇ ಕೂಗಿದರು.